ನೀಲಿ ಮಣಿಯ ಪಾಠ

ಯಾರಾದರೂ ಏನಾದರೂ ಕೇಳಿದರೆ, ಅವರ ಪ್ರಶ್ನೆ ಮುಗಿಯುವ ಮೊದಲೇ ತನ್ನ ಬಾಯಿಂದ 'ಹೂಂ' ಬಂದುಬಿಡುತ್ತದೆ ಎಂಬುದನ್ನು ಅವಳು ಅಂದು ಬೆಳಿಗ್ಗೆ ಹಲ್ಲುಜ್ಜುತ್ತ, ಕನ್ನಡಿಯ ಮುಂದೆ, ತನಗೆ ತಾನೇ ಒಪ್ಪಿಕೊಂಡಳು. ಒಪ್ಪಿಕೊಂಡದ್ದೂ 'ಹೂಂ' ಎಂದೇ. ಬಾಯ್ತುಂಬ ನೊರೆಯಿದ್ದುದರಿಂದ ಬೇರೇನೂ ಹೇಳುವಂತಿರಲಿಲ್ಲ. ಹೊರಗಿನಿಂದ ಅಮ್ಮ, "ಪುಟ್ಟೀ, ನಲ್ಲಿ ಬಿಟ್ಕೊಂಡೇ ನಿಂತಿದ್ದೀಯೇನೇ?" ಎಂದಳು. ನಲ್ಲಿ ನಿಂತೇ ಇತ್ತು. ಆದರೂ "ಹೂಂ" ಎಂದವಳು ಒಮ್ಮೆ ನಲ್ಲಿಯನ್ನು ತಿರುಗಿಸಿ, ನೀರು ಬಿಟ್ಟು, ಮತ್ತೆ ನಿಲ್ಲಿಸಿದಳು. ಅಮ್ಮನ ಮಾತು ಸುಳ್ಳಾಗಬಾರದು ಎಂದು. ಹಾಗೆ ಮಾಡಿದ ಮೇಲೆ ಕನ್ನಡಿಯಲ್ಲಿ ತನ್ನ ಮುಖ ನೋಡುವ ಧೈರ್ಯವಾಗಲಿಲ್ಲ.

ಅಮ್ಮನಿಗೆ ಮಗಳ ಸ್ವಭಾವ ಗೊತ್ತಿಲ್ಲದ್ದೇನಲ್ಲ. "ಕೋಲೆಬಸವನ ಹಾಗೆ ತಲೆ ಆಡಿಸೋದು ಬಿಟ್ಟು ಬಾಯಿಬಿಟ್ಟು ಮಾತಾಡೇ" ಎಂದು ಬೈಯುತ್ತಾಳೆ. ಬೈದರೆ ಮಗಳು ಹೂಂ ಎನ್ನುತ್ತಾಳೆ. ಸೋದರಮಾವ ಮನೆ ಬದಲಾಯಿಸುವಾಗ "ಈ ಬೀರು ಒಂದು ವಾರ ನಿನ್ನ ರೂಮಲ್ಲಿರ್ಲಿ ಪುಟ್ಟಿ" ಎಂದಿದ್ದ. ಬೀರು ಬಂದು ವರ್ಷ ಕಳೆಯಿತು. ಬೀಗದಕೈ ಮಾವನ ಹತ್ತಿರ. ಹಾಸಿಗೆಗೆ ಹೋಗಬೇಕಾದರೆ ಅವಳು ಹೊಟ್ಟೆಯನ್ನು ಒಳಗೆಳೆದುಕೊಂಡು ಅಡ್ಡಡ್ಡ ನುಸುಳಬೇಕು. ಬರೆಯುವ ಮೇಜು ಬೀರುವಿನ ಹಿಂದೆ ಸೇರಿಹೋದದ್ದರಿಂದ ದಿನಚರಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಬರೆಯುತ್ತಾಳೆ. ಯಾರೂ ಓದದ ಆ ಪುಟಗಳಲ್ಲಿ ಕೂಡ ಬೀರುವಿನ ಬಗ್ಗೆ ಒಂದು ಮಾತು ಬರೆದಿಲ್ಲ. ಬರೆದರೆ ಮಾವನಿಗೆ ಹೇಗೋ ತಿಳಿದು ಬೇಸರವಾಗುತ್ತದೆ ಅನ್ನಿಸುತ್ತದೆ. ಬೀರುವಿನಲ್ಲಿ ಏನಿದೆ ಎಂದು ಅವಳು ಕೇಳಿದ್ದೂ ಇಲ್ಲ. ಒಮ್ಮೊಮ್ಮೆ ನಿದ್ದೆ ಬರುವ ಮುಂಚೆ, ಅದರಲ್ಲಿ ಏನೂ ಇಲ್ಲದಿರಬಹುದು, ಬರೀ ಖಾಲಿ ಬೀರುವಿಗೆ ತಾನು ಅರ್ಧ ಕೋಣೆ ಬಿಟ್ಟುಕೊಟ್ಟಿರಬಹುದು ಎಂಬ ಯೋಚನೆ ಬರುತ್ತದೆ.

ಬೀರು ಹೋಗಲಿ. ಆದರೆ ಇವತ್ತು ಮಧ್ಯಾಹ್ನದ ಮೇಲೆ ಅವಳ ಸಂಸ್ಥೆಗೆ ವಿಶ್ವವಿದ್ಯಾಲಯದ ಸಮಿತಿ ಬರುತ್ತದೆ. ಬಸ್ಸಿನಲ್ಲಿ ನಿಂತು, ಕಂಬಿ ಹಿಡಿದು, ಪಕ್ಕದವನ ಚೀಲ ತನ್ನ ಪಕ್ಕೆಗೆ ತಿವಿಯುತ್ತಿದ್ದರೂ ಸರಿಸಿಕೊಳ್ಳಿ ಎನ್ನಲಾರದೆ, ಅವಳು ಹೋದ ವಾರದ ಆ ಫೋನನ್ನೇ ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಿದ್ದಳು. ವಿಶ್ವವಿದ್ಯಾಲಯದ ಕುಲಸಚಿವರು ಬಹಳ ಸಲಿಗೆಯಿಂದ ಮಾತಾಡಿದ್ದರು. "ನೋಡಿ ಮೇಡಂ, ನಿಮ್ಮ ಸಂಸ್ಥೆಯವರಿಗೆ ಊರಾಚೆ ಒಳ್ಳೇ ಜಾಗ. ಕಾಂಪೌಂಡು ಗಟ್ಟಿಯಾಗಿದೆ, ಗಾಳಿ ಬೆಳಕು ಧಾರಾಳ. ಒಂದು ಟ್ರಸ್ಟಿನವರು ನಡೆಸ್ತಾರೆ. ಅಲ್ಲೇ ಊಟ, ಅಲ್ಲೇ ವಾಸ. ಮನೆಯವರು ತಿಂಗಳಿಗೊಂದ್ಸಲ ಬಂದು ನೋಡ್ಕೊಂಡು ಹೋಗ್ಬಹುದು. ನಿಮಗೂ ಒಂದು ತಲೆನೋವು ಕಳೀತು. ನಿಮ್ಮ ಕಟ್ಟಡ ಮ್ಯಾನೇಜ್‌ಮೆಂಟ್ ವಿಭಾಗಕ್ಕೆ ಬೇಕಾಗಿದೆ, ನಿಮಗೇ ಗೊತ್ತಲ್ಲ. ಒಂದೇ ಒಂದು ಅಂದ್ರೆ, ಕಾನೂನು ಪ್ರಕಾರ ಅವರವರನ್ನೇ ಕೇಳ್ಬೇಕಂತೆ, ಹೋಗೋಕೆ ಒಪ್ಪಿಗೆ ಇದೆಯಾ ಅಂತ. ಕೇಳೋಣ. ನಿಮ್ಮವರು ಎಷ್ಟು ಒಳ್ಳೆಯವರು ಅಂತ ನಾನು ನೋಡಿಲ್ವಾ? ಆಗ್ಬಹುದಲ್ಲ?" ಕೊನೆಯ ಮಾತಿನ ಮೊದಲಕ್ಷರ ಕೇಳಿಸಿದಾಗಲೇ ಅವಳು ಹೂಂ ಎಂದಾಗಿತ್ತು. ಫೋನು ಇಟ್ಟ ಮೇಲೆ ಬಹಳ ಹೊತ್ತು ಆ ಹೂಂ ಕೋಣೆಯಲ್ಲೇ ಇತ್ತು, ಹೊರಗೆ ಹೋಗಲು ದಾರಿ ಸಿಗದ ನೊಣದ ಹಾಗೆ.

ಸಂಸ್ಥೆಗೆ ದೊಡ್ಡ ಫಲಕವಿದೆ: ಬೌದ್ಧಿಕ ವೈಕಲ್ಯ ಅಧ್ಯಯನ ಮತ್ತು ತರಬೇತಿ ಸಂಸ್ಥೆ. ಆದರೆ ಇಡೀ ವಿಶ್ವವಿದ್ಯಾಲಯದಲ್ಲಿ ಅದನ್ನು ಎಲ್ಲರೂ 'ಆ ಮಕ್ಕಳ ಬಿಲ್ಡಿಂಗ್' ಎನ್ನುತ್ತಾರೆ. ಮಕ್ಕಳು ಯಾರೂ ಇಲ್ಲ. ಕಿವಿಯ ಮೇಲೆ ಕೂದಲು ನೆರೆತವರು, ಕನ್ನಡಕ ಬಂದವರು, ಮೊಣಕಾಲು ನೋವಿನವರು. ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುತ್ತಾರೆ. ಇಪ್ಪತ್ತೆಂಟರ ಅವಳು ಅವರಲ್ಲಿ ಹಲವರಿಗಿಂತ ಚಿಕ್ಕವಳು. ಆದರೂ ಅವಳು ಮೇಡಂ, ಅವರು ಮಕ್ಕಳು. ಸಂಸ್ಥೆ ಕಟ್ಟಿದ ಮೇಷ್ಟ್ರು ನಿವೃತ್ತರಾಗಿ ದೂರದ ಮಗಳ ಮನೆಗೆ ಹೋದಾಗ ಆ ಕುರ್ಚಿಗೆ ಬರಲು ಯಾರೂ ಹೂಂ ಅನ್ನಲಿಲ್ಲ. ಅದಕ್ಕೇ ಅವಳು ಅಂದಿದ್ದಳು. ಪ್ರಭಾರ ನಿರ್ದೇಶಕಿ. ಮೇಷ್ಟ್ರ ಕುರ್ಚಿಯ ಮೆತ್ತೆಯಲ್ಲಿ ಅವರ ಮೈಯ ತಗ್ಗು ಇನ್ನೂ ಹಾಗೇ ಇದೆ. ಅದನ್ನು ಅಳಿಸಿದಂತಾಗಬಾರದೆಂದು ಅವಳು ಇವತ್ತಿನವರೆಗೂ ಅದರ ಅಂಚಿನಲ್ಲೇ ಕೂರುತ್ತಾಳೆ, ಎದ್ದುಹೋಗಿ ಎಂದರೆ ತಕ್ಷಣ ಎದ್ದುಹೋಗಲು ಅನುಕೂಲವಾಗುವ ಹಾಗೆ.

ಗೇಟಿನ ಹತ್ತಿರ ದರ್ಜಿ ನಿಂತಿದ್ದ, ಮಗಳ ಕೈ ಹಿಡಿದುಕೊಂಡು. ಮಗಳ ಬೆರಳು ಬಿಡಿಸಿಕೊಳ್ಳುವುದು ಅವನಿಗೆ ದಿನದಿನದ ಕಸರತ್ತು. ಸಂಸ್ಥೆಯಲ್ಲಿ ಎಲ್ಲರೂ ಅವಳನ್ನು ಗುಬ್ಬಿ ಎನ್ನುತ್ತಿದ್ದರು: ಮೂವತ್ತು ದಾಟಿದ, ದುಂಡಗಿನ, ಪುಟ್ಟ ಹೆಜ್ಜೆಯ ಹೆಂಗಸು. ಕುತ್ತಿಗೆಯಲ್ಲಿ ಹೊಕ್ಕುಳ ಮುಟ್ಟುವಷ್ಟು ಉದ್ದದ ನೀಲಿ ಮಣಿಯ ಮಾಲೆ.

"ಇವತ್ತೇ ಅಂತಲ್ಲ ಮೇಡಂ, ಸಾಹೇಬ್ರು ಬರೋದು," ಎಂದ ದರ್ಜಿ. "ಅಲ್ಲಿ ರಾತ್ರಿನೂ ಇರ್ಬೇಕಂತೆ, ಹೌದಾ?"

"ಹೂಂ... ಹಾಗಂತಾರೆ."

"ಇವಳಿಗೆ ಕತ್ತಲಂದ್ರೆ ಆಗಲ್ಲ. ಇವಳಮ್ಮ ಹೋದಾಗಿಂದ ನನ್ನ ಹೆಬ್ಬೆರಳು ಹಿಡ್ಕೊಂಡೇ ಮಲಗೋದು. ಹೊಲಿಗೆ ಬಾಕಿ ಇದ್ರೂ ನಾನು ಹೋಗಿ ಪಕ್ಕದಲ್ಲಿ ಬಿದ್ಕೊಬೇಕು, ನೋಡಿ." ಅವನು ನಕ್ಕ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ರೂಢಿಯಾದವನ ನಗೆ, ತುಟಿ ತೆರೆಯದ್ದು. "ಇನ್ನೊಂದು ಕಡೆ ಯೋಚ್ನೆ ಮಾಡಿದ್ರೆ, ನನಗೂ ವಯಸ್ಸಾಯ್ತು. ನಾಳೆ ನಾನೇ ಇಲ್ಲ ಅಂದ್ರೆ? ಒಂದೊಂದು ಸಲ ಹಾಗನ್ಸತ್ತೆ, ಒಂದೊಂದು ಸಲ ಹೀಗೆ. ಕೊನೆಗೆ ಅಂದ್ಕೊಂಡೆ, ಅವಳನ್ನೇ ಕೇಳ್ತಾರಂತಲ್ಲ, ಕೇಳ್ಲಿ. ಬೇಡ ಅನ್ಸಿದ್ರೆ ಬೇಡ ಅಂತಾಳೆ ಬಿಡಿ. ಚಿಕ್ಕೋಳಿದ್ದಾಗಿಂದ ಏನು ಹಟ ಅಂತೀರಿ! ಬೇಡ ಅಂದ್ರೆ ದೇವ್ರು ಬಂದ್ರೂ ಬೇಡ. ನೀವು ಬಂದ್ಮೇಲೆ ಮನುಷ್ಯಳಾದ್ಲು."

ಅವನು ಕೈ ಮುಗಿದ. ಅವಳು ತಾನೂ ಕೈ ಮುಗಿಯಬೇಕೋ ಏನಾದರೂ ಹೇಳಬೇಕೋ ತಿಳಿಯದೆ, ಎರಡನ್ನೂ ಅರ್ಧರ್ಧ ಮಾಡಿ, ಗುಬ್ಬಿಯ ಕೈ ಹಿಡಿದು ಒಳಗೆ ನಡೆದಳು. ಗುಬ್ಬಿಯ ಅಂಗೈ ಬಿಸಿಯಾಗಿತ್ತು. ಬೇಡ ಅನ್ಸಿದ್ರೆ ಬೇಡ ಅಂತಾಳೆ ಬಿಡಿ. ಕಾರಿಡಾರಿನ ಉದ್ದಕ್ಕೂ ಆ ಮಾತು ಚಪ್ಪಲಿಗೆ ಮೆತ್ತಿಕೊಂಡ ಹಾಗೆ ಹೆಜ್ಜೆಹೆಜ್ಜೆಗೂ ಬಂತು.

ಯಾಕೆಂದರೆ ಆ 'ಬೇಡ' ಎಲ್ಲಿಗೆ ಹೋಯಿತು ಎಂದು ಅವಳಿಗೆ ಗೊತ್ತಿತ್ತು. ಎಂ.ಎ. ಮುಗಿಸಿ, ಮೇಷ್ಟ್ರ ಕೈಕೆಳಗೆ ಸಂಶೋಧನೆಗೆಂದು ಬಂದ ದಿನ ಇದೇ ಗುಬ್ಬಿ ತಟ್ಟೆಯನ್ನು ಗೋಡೆಗೆ ಎಸೆದು, ನೆಲದ ಮೇಲೆ ಕೂತು, ಬೇಡ ಬೇಡ ಬೇಡ ಎನ್ನುತ್ತಿದ್ದಳು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು, ಆ ಮುಷ್ಟಿಯನ್ನು ಹೊಟ್ಟೆಗೆ ಒತ್ತಿಕೊಂಡು. ಯಾರೋ ಅವಳ ಹೆಬ್ಬೆರಳನ್ನೇ ಕಿತ್ತುಕೊಳ್ಳಲು ಬಂದಿದ್ದಾರೋ ಎಂಬಂತೆ. ಮೇಷ್ಟ್ರು ನಕ್ಕು, "ಇವಳನ್ನ ನಿನ್ನ ಕೈಗೆ ಕೊಟ್ಟಿದ್ದೀನಮ್ಮ, ನಿನ್ನಷ್ಟು ತಾಳ್ಮೆ ಯಾರಿಗಿದೆ?" ಎಂದಿದ್ದರು. ಹೊಸ ಪಾಠ ಅವರದೇ ಯೋಚನೆ: ಕೇಳಿದವರ ಮುಖ ನೋಡಬೇಕು, ನಗಬೇಕು, 'ಆಗಲಿ' ಎನ್ನಬೇಕು. ಅಂದರೆ ಅಂಗೈಯಲ್ಲಿ ಒಂದು ನೀಲಿ ಮಣಿ, ಕುತ್ತಿಗೆಯ ದಾರಕ್ಕೆ ಪೋಣಿಸಿಕೊಳ್ಳಲು. ಬೇಡ ಎಂದರೆ ಬೈಗುಳವಿಲ್ಲ, ಏಟಿಲ್ಲ, ಏನೂ ಇಲ್ಲ, ಮಣಿಯೂ ಇಲ್ಲ. ನಾಲ್ಕು ಗೋಡೆಯ ನಡುವೆ, ಅವಳು ಮತ್ತು ಗುಬ್ಬಿ, ತಿಂಗಳುಗಟ್ಟಲೆ. ಬಾಚಣಿಗೆ ತಗೋತೀಯಾ? ಶೂ ಹಾಕ್ಕೋತೀಯಾ? ಜಾಗ ಬಿಡ್ತೀಯಾ? ಮೊದಲ 'ಆಗಲಿ' ಬಂದ ದಿನ ಅವಳು ಅತ್ತುಬಿಟ್ಟಿದ್ದಳು, ಸಂತೋಷಕ್ಕೆ. ಆಮೇಲೆ ಇನ್ನೊಂದು, ಮತ್ತೊಂದು. ಕೊನೆಗೊಂದು ದಿನ ಬೇಡ ಎಂಬುದು ಗುಬ್ಬಿಯ ಬಾಯಿಂದ ಉದುರಿ ಎಲ್ಲೋ ಹೋಯಿತು, ಹಾಲುಹಲ್ಲು ಹೋದ ಹಾಗೆ, ಯಾರೂ ಹುಡುಕಲಿಲ್ಲ. ಪ್ರಬಂಧಕ್ಕೆ ಪದಕ ಬಂತು. ಪಾಠ ಇಡೀ ಸಂಸ್ಥೆಗೆ ಬಂತು. ದೂರದೂರದಿಂದ ಜನ ಬಂದು, ಇಲ್ಲಿಯವರು ಎಷ್ಟು ಶಾಂತ, ಎಷ್ಟು ನಗುಮುಖ, ಎಂದು ಬೆರಗಾಗಿ ಹೋದರು. ಆ ಮಾಲೆಗಳ ಜೊತೆ ನಿಂತು ಫೋಟೋ ತೆಗೆಸಿಕೊಂಡರು.

ಮುಷ್ಟಿಯೊಳಗಿನ ಆ ಹೆಬ್ಬೆರಳಿನ ವಿಷಯ ಮಾತ್ರ ಅವಳು ಪ್ರಬಂಧದಲ್ಲಿ ಬರೆದಿರಲಿಲ್ಲ. ಅಪ್ರಸ್ತುತ ಎಂದು ಮೇಷ್ಟ್ರು ಹೇಳಿದ್ದರು. ಹೂಂ ಎಂದಿದ್ದಳು.

"ಏನಮ್ಮಾ ಡೈರೆಕ್ಟ್ರೇ, ಇವತ್ತು ನಮಗೆ ಸನ್ಮಾನನೋ ಬೀಳ್ಕೊಡುಗೆನೋ?" ಎಂದು ಮಾತಿನ ಟೀಚರ್ ಬಾಗಿಲಲ್ಲಿ ನಿಂತಳು. ಮಾತು ತೊದಲುವವರಿಗೆ ಮಾತು ಕಲಿಸುವುದು ಆಕೆಯ ಕೆಲಸ. ತನಗಿಂತ ಹತ್ತು ವರ್ಷ ಚಿಕ್ಕವಳು ತನ್ನ ಮೇಲೆ ನಿರ್ದೇಶಕಿಯಾಗಿರುವುದನ್ನು ಆಕೆ ತಮಾಷೆ ಮಾಡಿ ಮಾಡಿಯೇ ನುಂಗಿಕೊಂಡಿದ್ದಳು. "ಮುಖ ಯಾಕೆ ಹಾಗಿದೆ? ಬೆಳಿಗ್ಗೆ ತಿಂದಿಲ್ವಾ?"

"ಹೂಂ."

"ಹೂಂ ಅಂದ್ರೆ ತಿಂದೆ ಅಂತಾನೋ ಇಲ್ಲ ಅಂತಾನೋ? ನಿನಗೂ ನಾನೇ ಪಾಠ ಹೇಳ್ಬೇಕೇನೋ."

ಅವಳು ಮೇಜಿನ ಮೇಲಿನ ಪೇಪರ್‌ವೇಟನ್ನು ಸರಿಸಿದಳು, ಮತ್ತೆ ಇದ್ದಲ್ಲಿಗೇ ಸರಿಸಿದಳು. ಮೆಲ್ಲಗೆ, ಪೇಪರ್‌ವೇಟಿಗೇ ಹೇಳುವಂತೆ, "ಅವರು ಏನು ಕೇಳಿದ್ರೂ ಇವರು ಆಗಲಿ ಅಂತಾರಲ್ಲ, ಅಕ್ಕಾ," ಎಂದಳು.

ಮಾತಿನ ಟೀಚರ್ ಬಾಗಿಲು ಮುಂದೆ ಮಾಡಿ ಒಳಗೆ ಬಂದಳು. ದನಿ ತಗ್ಗಿತು. "ಬಾವಿಗೆ ಹಾರ್ತೀರಾ ಅಂದ್ರೂ ಆಗಲಿ ಅಂತಾರೆ. ನನಗೆ ಗೊತ್ತಿಲ್ವಾ? ಆದ್ರೆ ಅದನ್ನ ಅಲ್ಲಿ ಹೇಳೋಕೆ ಮುಂಚೆ ನೂರು ಸಲ ಯೋಚ್ನೆ ಮಾಡು. ಇವರ ಒಪ್ಪಿಗೆ ಸುಳ್ಳು ಅಂದ್ರೆ ನಮ್ಮ ಪಾಠ ಸುಳ್ಳು. ಮೇಷ್ಟ್ರ ಹೆಸರು, ನಿನ್ನ ಪದಕ, ನನ್ನ ಕೆಲಸ, ಎಲ್ಲಾ ಒಂದೇ ದಾರದಲ್ಲಿ ಪೋಣಿಸಿದ್ದು. 'ಇಷ್ಟು ವರ್ಷ ಏನ್ರಮ್ಮಾ ಕಲಿಸಿದ್ರಿ' ಅಂತ ಕೇಳಿ ನಾಳೆನೇ ಬೀಗ ಹಾಕ್ತಾರೆ. ಸುಮ್ನಿದ್ರೆ ಅವರಿಗೊಂದು ಸೂರಾದ್ರೂ ಸಿಗುತ್ತೆ, ನಿನಗೆ ಬೇರೆ ವಿಭಾಗದಲ್ಲಿ ಒಂದು ಮೇಜು ಸಿಗುತ್ತೆ."

"ಗುಬ್ಬಿಗೆ ಕತ್ತಲಂದ್ರೆ ಆಗಲ್ವಂತೆ."

"ಯಾರಿಗೆ ಆಗುತ್ತೆ ಹೇಳು," ಎಂದಳು ಮಾತಿನ ಟೀಚರ್. ಹೋಗುವ ಮುಂಚೆ ಅವಳ ಭುಜವನ್ನೊಮ್ಮೆ ಒತ್ತಿದಳು. ಅದು ಸಮಾಧಾನವೋ ಎಚ್ಚರಿಕೆಯೋ ತಿಳಿಯಲಿಲ್ಲ.

ಅತ್ತ ದರಿ, ಇತ್ತ ಪುಲಿ. ಅವಳು ಕಿಟಕಿಯ ಹತ್ತಿರ ನಿಂತು ಉಗುರು ಕಚ್ಚಿದಳು. ಹೊರಗೆ, ಮ್ಯಾನೇಜ್‌ಮೆಂಟ್ ವಿಭಾಗದ ಹುಡುಗರು ಟೇಪು ಹಿಡಿದು ಸಂಸ್ಥೆಯ ಗೋಡೆಯುದ್ದಕ್ಕೂ ಏನೋ ಅಳೆಯುತ್ತಿದ್ದರು. ಒಬ್ಬ ಅವಳನ್ನು ನೋಡಿ, ಟೇಪಿನ ತುದಿ ಬಿಡದೆಯೇ, ವಿನಯದಿಂದ ನಮಸ್ಕಾರ ಮಾಡಿದ. ಅವಳೂ ಮಾಡಿದಳು. ಮಾಡಿದ ಮೇಲೆ, ಅಳತೆಗೂ ತಾನು ಅನುಮತಿ ಕೊಟ್ಟಂತಾಯಿತೇನೋ ಎಂದು ಕೈ ಇಳಿಸಲೂ ಆಗದೆ ನಿಂತಳು. ಮೇಷ್ಟ್ರಿಗೆ ಫೋನು ಮಾಡಿದರೆ? ಏನೆಂದು? ನಿಮ್ಮ ಪಾಠ ಎಷ್ಟು ಚೆನ್ನಾಗಿ ಫಲಿಸಿದೆಯೆಂದರೆ, ಇವರನ್ನು ಯಾರು ಬೇಕಾದರೂ ಎಲ್ಲಿಗೆ ಬೇಕಾದರೂ ಒಯ್ಯಬಹುದು ಸರ್, ಎಂದೇ? ಅವರು "ನೀನು ಊಟ ಮಾಡಮ್ಮ" ಎನ್ನುತ್ತಾರೆ. ಅವಳು ಹೂಂ ಎನ್ನುತ್ತಾಳೆ.

ಊಟದ ಬಿಡುವಿನಲ್ಲಿ ಅವಳಿಗೊಂದು ಹುಚ್ಚು ಯೋಚನೆ ಬಂತು. ಗುಬ್ಬಿಯನ್ನು ಕರೆದುಕೊಂಡು ಬದುಕಿನ ಕೋಣೆಗೆ ಹೋಗಿ ಅಗುಳಿ ಹಾಕಿದಳು. ಬದುಕಿನ ಕೋಣೆ ಎಂಬುದು ಮೇಷ್ಟ್ರು ಇಟ್ಟ ಹೆಸರು: ಅಲ್ಲಿ ಅನಿಲವಿಲ್ಲದ ಒಲೆ, ಖಾಲಿ ಡಬ್ಬಗಳ ಅಂಗಡಿ, ಯಾರೂ ಮಲಗದ ಹಾಸಿಗೆ, ನೆಲಕ್ಕೆ ಬೋಲ್ಟು ಹೊಡೆದ ಎರಡು ಸಾಲು ಬಸ್ಸಿನ ಸೀಟು. ಬದುಕನ್ನು ಅಭ್ಯಾಸ ಮಾಡುವುದಕ್ಕೆ. ಎಷ್ಟೋ ವರ್ಷದಿಂದ ಇವರು ಆ ಬಸ್ಸು ಹತ್ತಿ, ಟಿಕೆಟು ಪಡೆದು, ಹಗ್ಗ ಎಳೆದು, ಹತ್ತಿದಲ್ಲೇ ಇಳಿಯುತ್ತಾರೆ. ಗುಬ್ಬಿ ಅಭ್ಯಾಸಬಲದಿಂದ ಹೋಗಿ ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತಳು. ಅಲ್ಲಿ ಕಿಟಕಿಯಿರಲಿಲ್ಲ, ಗೋಡೆಗೆ ಮರದ ಚಿತ್ರ ಅಂಟಿಸಿತ್ತು.

ಅವಳು ಮುಂದಿನ ಸೀಟಿನಲ್ಲಿ ತಿರುಗಿ, ಮೊಣಕಾಲೂರಿ ಕೂತಳು. "ಗುಬ್ಬೀ, ಇಲ್ನೋಡು. ಸಾಹೇಬ್ರು ಬಂದು ಕೇಳ್ತಾರೆ, ದೂರದ ಮನೆಗೆ ಹೋಗ್ತೀಯಾ ಅಂತ. ಅಪ್ಪ ಇರಲ್ಲ ಅಲ್ಲಿ. ಹೋಗ್ತೀಯಾ?"

ಗುಬ್ಬಿ ಅವಳ ಮುಖ ನೋಡಿದಳು, ನಕ್ಕಳು. "ಆಗಲಿ."

"ಅಲ್ಲ. ನಿನಗೆ ಇಷ್ಟ ಇಲ್ಲ ಅಂದ್ರೆ ಬೇಡ ಅನ್ನು. ಬೇಡ. ಮುಂಚೆ ಹೇಳ್ತಿದ್ದೆಯಲ್ಲ? ತಟ್ಟೆ ಎಸೀತಿದ್ದೆ, ನನ್ನ ಕೈ ಕಚ್ಚಿದ್ದೆ, ನೋಡು ಇಲ್ಲಿ." ತೋಳು ಮಡಚಿ ತೋರಿಸಿದಳು, ಗುರುತು ಎಂದೋ ಮಾಸಿಹೋಗಿತ್ತು. "ಹೇಳು. ಬೇಡ."

"ಬೇಡ," ಎಂದಳು ಗುಬ್ಬಿ.

ಎಷ್ಟು ಸುಲಭ! ತುಟಿ ಕೂಡಿ, ನಾಲಗೆ ಒಂದಿಷ್ಟು ಮೇಲೆದ್ದು, ಅಷ್ಟೇ. "ಹಾಂ! ಹಾಗೆ! ಇನ್ನೊಂದ್ಸಲ ಹೇಳು, ದೂರದ ಮನೆಗೆ ಹೋಗ್ತೀಯಾ?"

"ಬೇಡ," ಎಂದು ಗುಬ್ಬಿ ಅವಳ ಮುಖವನ್ನೇ ನೋಡುತ್ತ, ನಗುತ್ತ, ಅಂಗೈ ಚಾಚಿದಳು.

ಚಾಚಿದ ಅಂಗೈ ಅವರಿಬ್ಬರ ನಡುವೆ ಹಾಗೇ ಇತ್ತು. ಬಿಸಿ, ಸ್ವಲ್ಪ ಬೆವರಿದ್ದು, ನಂಬಿಕೆಯದ್ದು. ಅವಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಮಣಿ ಕೊಟ್ಟರೆ ಗುಬ್ಬಿ ಸಂಜೆವರೆಗೂ ಬೇಡ ಎನ್ನುತ್ತಾಳೆ. ನೀರು ಬೇಡ, ಅಪ್ಪ ಬೇಡ, ಬಾಗಿಲು ಬೇಡ. ನಾಳೆ ಇನ್ನೊಬ್ಬರು ಇನ್ನೊಂದು ಮಣಿ ಹಿಡಿದು ಬಂದರೆ ಮತ್ತೆ ಆಗಲಿ. ತಾನು ಕಲಿಸುವುದೆಲ್ಲ ಅದೇ ಪಾಠ. ಬೇಡ ಎಂಬುದನ್ನೂ ತಾನು ಹೇಳೆಂದು ಹೇಳಿ ಹೇಳಿಸಿದರೆ ಅದು ಇನ್ನೊಂದು ಹೂಂ. ಈ ಕೋಣೆಯಲ್ಲಿ ಹತ್ತಿದ ಯಾವ ಬಸ್ಸೂ ಎಲ್ಲಿಗೂ ಹೋಗುವುದಿಲ್ಲ. ಅವಳು ಬೋಲ್ಟು ಹೊಡೆದ ಸೀಟಿನ ಬೆನ್ನಿಗೆ ಹಣೆಯೊತ್ತಿ ಕೂತುಬಿಟ್ಟಳು. ತಲೆಯ ಮೇಲೆ ಒಂದು ಕೈ ಬಿತ್ತು. ಗುಬ್ಬಿ ಅವಳ ಕೂದಲನ್ನು ಸವರುತ್ತಿದ್ದಳು, ಯಾರೂ ಕಲಿಸದ ಹಾಗೆ, ಒರಟಾಗಿ, ಬೈತಲೆ ಕೆಡುವಂತೆ. ಇನ್ನೊಂದು ಅಂಗೈ ಮಣಿಗಾಗಿ ಹಾಗೇ ಚಾಚಿತ್ತು.

ಸಮಿತಿ ಎಂದರೆ ಇಬ್ಬರು: ಕುಲಸಚಿವರು ಮತ್ತು ಕಾನೂನು ವಿಭಾಗದ ಪ್ರಾಧ್ಯಾಪಕಿ. ಕುಲಸಚಿವರು ಒಳಗೆ ಬರುತ್ತಲೇ "ಏನು, ಎಲ್ಲಾ ಆರಾಮಾ?" ಎಂದರು, ಸಭಾಂಗಣದಲ್ಲಿ ಅರ್ಧವೃತ್ತಾಕಾರವಾಗಿ ಕೂತವರೆಲ್ಲ ಒಂದೇ ದನಿಯಲ್ಲಿ "ಆಗಲಿ" ಎಂದು ಅಂಗೈ ಚಾಚಿದರು. ಅವರು ಅದನ್ನು ಕೈಕುಲುಕುವ ಆಹ್ವಾನವೆಂದುಕೊಂಡು ಒಬ್ಬೊಬ್ಬರ ಹತ್ತಿರ ಹೋಗಿ ಕೈ ಕುಲುಕಿದರು. ಕುಲುಕಿಸಿಕೊಂಡವರು ಅಂಗೈಯನ್ನು ತಿರುಗಿಸಿ, ಅದರಲ್ಲಿ ಏನೂ ಇಲ್ಲದ್ದನ್ನು ನೋಡಿ, ಮತ್ತೆ ಚಾಚಿದರು. "ಪ್ರೀತಿ ನೋಡಿ, ಬಿಡೋದೇ ಇಲ್ಲ ಅಂತಾರೆ!" ಎಂದು ಅವರು ನಗುತ್ತ ಎರಡನೆಯ ಸುತ್ತು ಕೈ ಕುಲುಕಿದರು. ಮಾತಿನ ಟೀಚರ್ ಹಿಂದೆ ನಿಂತು ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ನಗುತ್ತಿದ್ದಳೋ ಇಲ್ಲವೋ ಕಾಣಲಿಲ್ಲ.

ಪ್ರಾಧ್ಯಾಪಕಿ ನಗಲಿಲ್ಲ. ಆಕೆ ಕನ್ನಡಕ ಸರಿಮಾಡಿಕೊಂಡು, ಕುರ್ಚಿ ಎಳೆದುಕೊಂಡು, ಒಬ್ಬೊಬ್ಬರ ಎದುರೂ ಕೂತು, ಸಣ್ಣ ಸಣ್ಣ ವಾಕ್ಯಗಳಲ್ಲಿ ಸರಿಯಾಗಿಯೇ ಕೇಳಿದಳು. ಅಲ್ಲಿ ಹೊಸ ಮನೆ ಇದೆ. ರಾತ್ರಿಯೂ ಅಲ್ಲೇ ಇರಬೇಕು. ಹೋಗುತ್ತೀರಾ? ಆಗಲಿ. ಆಗಲಿ. ಆಗಲಿ. ನಿರ್ದೇಶಕಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಯಾರೋ ಅವಳಿಗೂ ಕುರ್ಚಿ ಹಾಕಿದ್ದರು. ಅವಳು ಕೂರಲಿಲ್ಲ, ಕೂರಬೇಡ ಎಂದೂ ಯಾರೂ ಹೇಳಿರಲಿಲ್ಲ. ಈಗ ಹೇಳಬೇಕು, ಈ ಆಗಲಿಯ ಮೇಲೆ. ಇಲ್ಲ, ಮುಂದಿನದರ ಮೇಲೆ. ಶಾಲೆಯಲ್ಲಿ ಒಮ್ಮೆ ಯಾರೋ ಮಾಡಿದ ತಪ್ಪಿಗೆ ಟೀಚರ್ "ನೀನೇನಾ?" ಎಂದಾಗ ಹೂಂ ಎಂದು ಇಡೀ ದಿನ ಬೆಂಚಿನ ಮೇಲೆ ನಿಂತದ್ದು ನೆನಪಾಯಿತು. ಬೆಂಚಿನ ಮೇಲಿನಿಂದ ಎಲ್ಲರ ತಲೆಯ ಸುಳಿ ಕಾಣುತ್ತಿತ್ತು. ಆಶ್ಚರ್ಯವೆಂದರೆ ಅವಳಿಗೆ ಅಂದು ಒಂಥರಾ ನಿಶ್ಚಿಂತೆಯಾಗಿತ್ತು. ಇನ್ನು ಯಾರೂ ಏನೂ ಕೇಳುವುದಿಲ್ಲ.

ಗುಬ್ಬಿಯ ಸರದಿ ಬಂತು. ಹೋಗುತ್ತೀರಾ? ಗುಬ್ಬಿ ಒಮ್ಮೆ ಗೋಡೆಯ ಕಡೆ, ಅವಳ ಕಡೆ, ನೋಡಿದಳು. ಮಧ್ಯಾಹ್ನ ಹೇಳಿಕೊಟ್ಟ 'ಬೇಡ'ಕ್ಕೆ ಮಣಿ ಬರಲಿಲ್ಲವಲ್ಲ, ಹಾಗಾದರೆ ಅದು ತಪ್ಪು. "ಆಗಲಿ," ಎಂದಳು, ನಗುತ್ತ.

"ಅಬ್ಬಾ, ಇದೇನು ಇಷ್ಟುದ್ದ ಹಾರ!" ಎಂದು ಕುಲಸಚಿವರು ಬಗ್ಗಿದರು. ಅವರು ಕೆಟ್ಟ ಮನುಷ್ಯರಲ್ಲ; ಮನೆಯಲ್ಲಿ ಮೊಮ್ಮಕ್ಕಳನ್ನು ಹೀಗೇ ಆಡಿಸುವವರಿರಬೇಕು. "ತುಂಬ ಚೆನ್ನಾಗಿದೆಯಲ್ಲ! ನನಗೆ ಕೊಡ್ತೀಯಾ ಇದನ್ನ?"

"ಆಗಲಿ."

ಗುಬ್ಬಿ ತಲೆ ತಗ್ಗಿಸಿ ಮಾಲೆ ತೆಗೆದಳು. ಕಿವಿಗೆ ಸಿಕ್ಕಿಕೊಂಡಿತು, ಬಿಡಿಸಿಕೊಂಡಳು. ವರ್ಷಗಳ ಮಾಲೆ. ಬಾಚಣಿಗೆಯದು, ಶೂವಿನದು, ಬಿಟ್ಟುಕೊಟ್ಟ ಜಾಗದ್ದು, ನುಂಗಿದ ಅಳುವಿನದು. ಅದು ಅವರ ಅಂಗೈಯಲ್ಲಿ ಗೋಪುರದ ಹಾಗೆ ಸುರುಳಿ ಸುತ್ತಿ ಬಿತ್ತು. "ನೋಡಿದ್ರಾ, ಏನು ದೊಡ್ಡ ಮನಸ್ಸು! ನಮ್ಮ ಮಕ್ಕಳು ಒಂದು ಪೆನ್ಸಿಲ್ ಕೊಡಲ್ಲ," ಎಂದು ಅವರು ಎಲ್ಲರಿಗೂ ತೋರಿಸಿದರು. ಅಷ್ಟರಲ್ಲಿ ಅವರ ಫೋನು ರಿಂಗಾಯಿತು. ಅವರು ಫೋನು ತೆಗೆಯಲು ಕೈ ಬಿಡುವು ಮಾಡಿಕೊಳ್ಳಬೇಕಾಗಿ, ಮಾಲೆಯನ್ನು ಕೋಟಿನ ಜೇಬಿಗೆ ಹಾಕಿಕೊಂಡರು. "ಮೀಟಿಂಗಲ್ಲಿದ್ದೀನಪ್ಪ, ಮುಗೀತಾ ಬಂತು," ಎಂದು ಇಟ್ಟವರು ಮಾಲೆಯನ್ನು ಮರೆತರು. ಮರೆತರು, ಅಷ್ಟೇ. ಜೇಬಿನ ಅಂಚಿನಲ್ಲಿ ಎರಡು ಮಣಿ ಹೊರಗೆ ಇಣುಕಿದ್ದವು.

ಗುಬ್ಬಿ ಇನ್ನೂ ನಗುತ್ತಿದ್ದಳು. ಬಲಗೈ ಚಾಚಿಯೇ ಇತ್ತು. ಆದರೆ ಎಡಗೈ ಮಡಿಲಿಗಿಳಿದಿತ್ತು; ಗೋಡೆಗೊರಗಿ ನಿಂತ ಅವಳಿಗಲ್ಲದೆ ಬೇರೆ ಯಾರಿಗೂ ಅದು ಕಾಣುವಂತಿರಲಿಲ್ಲ. ಹೆಬ್ಬೆರಳು ಮುಷ್ಟಿಯೊಳಗೆ ಮಡಚಿಕೊಂಡಿತ್ತು. ಆ ಮುಷ್ಟಿ ಹೊಟ್ಟೆಗೆ ಒತ್ತಿಕೊಂಡಿತ್ತು, ಗೆಣ್ಣುಗಳು ಬೆಳ್ಳಗಾಗುವಷ್ಟು. ಎಲ್ಲೂ ಹೋಗಿರಲಿಲ್ಲ ಅದು. ಇಷ್ಟು ವರ್ಷ, ನಗುವಿನ ಕೆಳಗೆ, ಮಣಿಗಳ ಕೆಳಗೆ, ಪದಕದ ಕೆಳಗೆ, ಅಲ್ಲೇ ಕೂತು ಯಾರಾದರೂ ನೋಡಲಿ ಎಂದು ಕಾಯುತ್ತಿತ್ತು. ಮತ್ತು ಅವಳಿಗೆ, ತನ್ನ ಎಡಗೈಯನ್ನು ನೋಡಿಕೊಳ್ಳದೆಯೇ, ತನ್ನ ಹೆಬ್ಬೆರಳೂ ಎಲ್ಲಿದೆ ಎಂದು ಗೊತ್ತಾಯಿತು.

ಪ್ರಾಧ್ಯಾಪಕಿ ಪೆನ್ನಿನ ಮುಚ್ಚಳ ಹಾಕಿದಳು, ಒಂದು ಕ್ಷಣ ಯೋಚಿಸಿ ಮತ್ತೆ ತೆಗೆದಳು. ಆಕೆಗೆ ಏನೋ ಸರಿಬಂದಿರಲಿಲ್ಲ, ಏನೆಂದು ತಿಳಿದಿರಲಿಲ್ಲ. ಕುಲಸಚಿವರು ಗಡಿಯಾರ ನೋಡಿ, ಎದ್ದು, ಕೋಟಿನ ಮುಂಭಾಗವನ್ನು ಕೆಳಗೆಳೆದುಕೊಂಡರು. ಜೇಬಿನೊಳಗೆ ಮಣಿಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು.

"ಸರಿ ಹಾಗಾದ್ರೆ, ಎಲ್ಲರ ಒಪ್ಪಿಗೆನೂ ಆಯ್ತು," ಎಂದರು ಗೋಡೆಯ ಕಡೆ ತಿರುಗಿ. "ಏನ್ ಮೇಡಂ, ಆಯ್ತಲ್ಲ?"

ಹೂಂ ಎದ್ದಿತು. ಅದು ಎಂದಿನ ದಾರಿಯಲ್ಲೇ ಎದೆಯಿಂದ ಗಂಟಲಿಗೆ ಬಂತು, ಮುಚ್ಚಿದ ತುಟಿಗಳ ಹಿಂದೆ ಬಂದು ನಿಂತಿತು. ಎಲ್ಲರೂ ಕಾಯುತ್ತಿದ್ದರು. ಮಾತಿನ ಟೀಚರ್ ನೆಲ ನೋಡುತ್ತಿದ್ದಳು. ಗೇಟಿನ ಆಚೆ ದರ್ಜಿ ಬಂದು ನಿಂತಿರಬಹುದು, ಒಳಗಿನಿಂದ ಮಗಳ ಬೇಡ ಕೇಳಿಸುತ್ತದೆ ಎಂದು. ಬಾಯಿ ತೆರೆದರೆ ಸಂಸ್ಥೆ ಹೋಗುತ್ತದೆ. ತೆರೆಯದಿದ್ದರೂ ಹೋಗುತ್ತದೆ. ಮೇಷ್ಟ್ರು ದೂರದ ಒಂದು ಮನೆಯಲ್ಲಿ ಮೊಮ್ಮಗುವಿಗೆ ಶೂ ಹಾಕುತ್ತಿರಬಹುದು. ಅವಳು ಕಾದಳು, ಆ ಹೂಂ ತಾನಾಗಿ ಇಳಿಯಲಿ ಎಂದು. ಇಳಿಯಲಿಲ್ಲ. ಅವಳು ಅದನ್ನು ಅಲ್ಲೇ ಬಿಟ್ಟು, ಮಾವನ ಬೀರುವಿನ ಪಕ್ಕದಲ್ಲಿ ನುಸುಳುವಂತೆ ಅದರ ಪಕ್ಕದಲ್ಲಿ ಅಡ್ಡಡ್ಡ ನುಸುಳಿ, ಹೊರಗೆ ಬಂದಳು. ದನಿ ತೀರ ಸಣ್ಣದಾಗಿತ್ತು. ಆದರೆ ಸಭಾಂಗಣ ಅಷ್ಟು ನಿಶ್ಶಬ್ದವಾಗಿದ್ದುದರಿಂದ ಕೊನೆಯ ಕುರ್ಚಿಗೂ ಕೇಳಿಸಿತು.

"ಇಲ್ಲ ಸರ್. ಆ ಮಾಲೆ ಅವಳು ನಿಮಗೆ ಕೊಟ್ಟಿಲ್ಲ. ಅವಳಿಗೆ ಬೇಡ ಅನ್ನೋಕೆ ಬರಲ್ಲ. ಇಲ್ಲಿ ನಮಗ್ಯಾರಿಗೂ ಬರಲ್ಲ."